ಸೇಬಿನ ಕೋಣೆಯ ಸಾವು

ಶುಕ್ರವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಹಗರೆಯಿಂದ ಬಂದಿಳಿದ ವಸಂತಮ್ಮ ಮನೆಯ ಬಾಗಿಲು ತಟ್ಟಿದರು. ಒಳಗಿನಿಂದ ಸದ್ದಿಲ್ಲ. ತಂಗಿಯ ಮೊಮ್ಮಗುವಿನ ನಾಮಕರಣಕ್ಕೆಂದು ಹಿಂದಿನ ದಿನವಷ್ಟೇ ಹೋಗಿದ್ದರು. ಗಂಡ ಹಿತ್ತಿಲ ಕೋಣೆಯಲ್ಲಿರಬೇಕು ಎಂದುಕೊಂಡು ಮನೆ ಬಳಸಿ ಹಿಂದಕ್ಕೆ ನಡೆದರು. ಕೋಣೆಯ ಬಾಗಿಲು ಓರೆಯಾಗಿತ್ತು. ಹತ್ತಿರ ಹೋಗುತ್ತಿದ್ದಂತೆ ಮೂಗಿಗೆ ಬಡಿದ ನಾತಕ್ಕೆ ಸೆರಗು ಮುಚ್ಚಿಕೊಂಡರು. ಆಲೂಗಡ್ಡೆ ಹೊಲಕ್ಕೆ ಹೊಡೆಯುವ ಔಷಧಿಯ ನಾತ.

ಗುರುಮೂರ್ತಿ ಕುರ್ಚಿಯಿಂದ ಜಾರಿ ನೆಲದ ಮೇಲೆ ಮಗ್ಗುಲಾಗಿ ಬಿದ್ದಿದ್ದರು. ಮೈ ತಣ್ಣಗಾಗಿತ್ತು.

ಹಳೇಬೀಡು ಠಾಣೆಯ ಸಬ್ ಇನ್ಸ್‌ಪೆಕ್ಟರ್ ದೇವರಾಜ್ ಜೀಪಿನಿಂದಿಳಿದಾಗ ಅಂಗಳದ ತುಂಬ ಜನ. ಅವನು ಈ ಠಾಣೆಗೆ ವರ್ಗವಾಗಿ ಬಂದು ಹೆಚ್ಚು ದಿನವಾಗಿರಲಿಲ್ಲ. ಆದರೆ ಗುರುಮೂರ್ತಿಯ ಹೆಸರು ಕೇಳಿದ್ದ. 2004ರ ಆ ಹೊತ್ತಿಗೆ ಹಳೇಬೀಡಿನಲ್ಲಿ ಅವರ ಹೆಸರು ಕೇಳದವರು ಯಾರೂ ಇರಲಿಲ್ಲ.

ಗುರುಮೂರ್ತಿ ಮಿಲಿಟರಿಯಲ್ಲಿದ್ದವರು. ಹಿಮಾಚಲದ ಬೆಟ್ಟಗಳಲ್ಲಿ ಬಹಳ ವರ್ಷ ಕಳೆದು, ಅಲ್ಲಿನ ತೋಟದವರಿಂದ ಸೇಬಿನ ರಸವನ್ನು ಹುದುಗಿಸುವ ಕಲೆ ಕಲಿತು ಬಂದಿದ್ದರು. ಸೇಬಿನ ಕಾಲ ಬಂತೆಂದರೆ ಅರಸೀಕೆರೆಯ ಹಣ್ಣಿನ ಮಂಡಿಗೆ ಹೋಗಿ, ಪೆಟ್ಟಾದ ಶಿಮ್ಲಾ ಸೇಬನ್ನು ಮೂಟೆಗಟ್ಟಲೆ ತರುತ್ತಿದ್ದರು. ಜಜ್ಜಿ, ಹಿಂಡಿ, ಗಾಜಿನ ಜಾಡಿಗಳಲ್ಲಿ ತುಂಬಿಡುತ್ತಿದ್ದರು. ಅವರು ಅದನ್ನು ಸೈಡರ್ ಅನ್ನುತ್ತಿದ್ದರು. ಊರಿನವರು ಸೇಬಿನ ಹೆಂಡ ಅನ್ನುತ್ತಿದ್ದರು. ಮಾರುತ್ತಿರಲಿಲ್ಲ, ಬಂದವರಿಗೆ ಕುಡಿಸುತ್ತಿದ್ದರು. ಅದಕ್ಕಿಂತ ಹೆಚ್ಚಾಗಿ ಊರು ಮಾತಾಡುತ್ತಿದ್ದುದು ಅವರ ಮೂಗಿನ ವಿಷಯ. ಮುಚ್ಚಳ ಹಾಕಿದ ಜಾಡಿಯ ಪಕ್ಕ ನಿಂತು, ಇದು ಕೆಡುತ್ತಿದೆ ಎಂದು ಹೇಳಬಲ್ಲ ಮೂಗು ಅದು.

ದೇವರಾಜ್ ಕರವಸ್ತ್ರವನ್ನು ಮೂಗಿಗೆ ಒತ್ತಿ ಕೋಣೆಯೊಳಗೆ ಕಾಲಿಟ್ಟ. ಮೇಜಿನ ಮೇಲೆ ಅರ್ಧ ಖಾಲಿಯಾದ ಬಾಟಲಿ. ಪಕ್ಕದಲ್ಲಿ ಗಾಜಿನ ಲೋಟ. ಎರಡರಲ್ಲೂ ಔಷಧಿಯ ನಾತ. ಒಂದು ತಟ್ಟೆಯಲ್ಲಿ ಹುರಿದ ಕಡಲೆಕಾಯಿ. ಸಿಪ್ಪೆಯ ಗುಡ್ಡೆ ಬೇರೆ, ಬಿಡಿಸಿಟ್ಟ ಬೀಜ ಬೇರೆ. ಸಾಯಲು ಹೊರಟವನು ಇಷ್ಟು ಸಾವಧಾನವಾಗಿ ಕಡಲೆಕಾಯಿ ಬಿಡಿಸುತ್ತಾನೆಯೇ?

ಕುರ್ಚಿಯ ಕೆಳಗೆ ಬಾಟಲಿಯ ತಗಡಿನ ಮುಚ್ಚಳ ಬಿದ್ದಿತ್ತು. ಎತ್ತಿ ಬೆಳಕಿಗೆ ಹಿಡಿದ. ಅಂಚಿನ ಮಡಿಕೆಗಳ ಮೇಲೆ ಇನ್ನೊಂದು ಸುತ್ತು ಮಡಿಕೆ. ಗೋಡೆಯ ಪಕ್ಕದಲ್ಲಿದ್ದ ಮುಚ್ಚಳ ಒತ್ತುವ ಯಂತ್ರ ನೋಡಿದ. ಬೇರೆ ಬಾಟಲಿಗಳನ್ನು ನೋಡಿದ. ಅವುಗಳ ಮುಚ್ಚಳಕ್ಕೆ ಒಂದೇ ಸುತ್ತು. ಈ ಬಾಟಲಿಯನ್ನು ಯಾರೋ ಒಮ್ಮೆ ತೆಗೆದು, ಮತ್ತೆ ಒತ್ತಿದ್ದಾರೆ.

ಮೂಲೆಯಲ್ಲಿ ಮಗುಚಿದ ಸೇಬಿನ ಪೆಟ್ಟಿಗೆಯ ಮೇಲೆ ಒಬ್ಬರು ತಲೆ ತಗ್ಗಿಸಿ ಕೂತಿದ್ದರು. ಬಿಳಿ ಜುಬ್ಬ, ನರೆತ ಗಡ್ಡ. ಅವರು ತಲೆ ಎತ್ತಿದಾಗ ದೇವರಾಜನ ಕೈ ತಾನಾಗಿ ಮುಗಿಯಿತು.

"ಮೇಷ್ಟ್ರೇ."

"ದೇವರಾಜನಾ? ನೀನೇ ಬಂದ್ಯಾ?"

ಗಂಗಾಧರಯ್ಯ ಮೇಷ್ಟ್ರು. ಜಾವಗಲ್ಲಿನ ಹೈಸ್ಕೂಲಿನಲ್ಲಿ ಅವನಿಗೆ ವಿಜ್ಞಾನ ಕಲಿಸಿದವರು. ಆ ಕಾಲದಲ್ಲಿ ಕುಡಿಯುವ ನೀರಿನ ಮಡಕೆಯ ಹತ್ತಿರ ದೇವರಾಜನ ಕೇರಿಯ ಮಕ್ಕಳು ಸುಳಿಯುವಂತಿರಲಿಲ್ಲ. ಯಾರೂ ಬೋರ್ಡು ಹಾಕಿರಲಿಲ್ಲ, ಎಲ್ಲರಿಗೂ ಗೊತ್ತಿತ್ತು ಅಷ್ಟೆ. ಗಂಗಾಧರಯ್ಯ ಮೇಷ್ಟ್ರು ಪ್ರತಿದಿನ ಪಾಠ ನಿಲ್ಲಿಸಿ, ಇಡೀ ತರಗತಿಗೆ ಕೇಳುವಂತೆ, "ದೇವರಾಜ, ಒಂದ್ ಲೋಟ ನೀರು ತಗೊಂಡ್ ಬಾ" ಅನ್ನುತ್ತಿದ್ದರು. ತಂದ ನೀರನ್ನು ನಿಧಾನವಾಗಿ, ಎಲ್ಲರೂ ನೋಡುವಂತೆ ಕುಡಿಯುತ್ತಿದ್ದರು. ನಿವೃತ್ತಿಯ ನಂತರ ಅವರು ಹಳೇಬೀಡಿನಲ್ಲಿ, ಗುರುಮೂರ್ತಿಯ ಮನೆಯಿಂದ ಎರಡು ಮನೆ ಆಚೆಗೆ ನೆಲೆಸಿದ್ದರು.

"ಯಾಕೆ ಹೀಗಾಯ್ತು ಮೇಷ್ಟ್ರೇ?"

"ಏನು ಹೇಳಲಿ."

"ಬೇರೆ ಯಾರಾದ್ರೂ ಬೆರೆಸಿರಬಹುದಾ?"

"ಬೆರೆಸಿದ್ರೆ ಇವನು ಕುಡೀತಿದ್ನಾ? ಅಂಗಳಕ್ಕೇ ಹೊಡೀತಿದೆ ಈ ನಾತ. ಅವನ ಮೂಗು ಎಂಥದ್ದು ಅಂತ ಊರಿಗೇ ಗೊತ್ತು. ತಿಳಿದೇ ಕುಡಿದಿದಾನೆ ಕಣೋ."

ಊರೂ ಅದನ್ನೇ ಹೇಳಿತು. ಶವವನ್ನು ಬೇಲೂರಿನ ಆಸ್ಪತ್ರೆಗೆ ಸಾಗಿಸುವಾಗ ಹೆಂಗಸರ ಗುಂಪಿನಿಂದ ಒಂದು ಮಾತು ತೇಲಿ ಬಂತು. ಮನೇಲಿ ಏನಾಗಿತ್ತೋ, ಹೆಂಡತಿ ಇಲ್ಲದ ದಿನ ನೋಡ್ಕೊಂಡು ಕುಡಿದವ್ನೆ. ವಸಂತಮ್ಮನಿಗೂ ಅದು ಕೇಳಿಸಿತು. ಅವರು ಅಳಲಿಲ್ಲ. ದೇವರಾಜನ ಹತ್ತಿರ ಬಂದು ಮೆಲ್ಲಗೆ ಕೇಳಿದರು.

"ನನ್ನ ಬಿಟ್ಟು ಹೋಗೋ ಅಂಥದ್ದು ನಾನೇನ್ ಮಾಡಿದ್ದೆ ಸಾರ್? ಬಸ್ ಹತ್ತುವಾಗ ನಗ್ತಾನೇ ಕಳಿಸಿದ್ರು."

* * *

ಹೆಡ್ ಕಾನ್‌ಸ್ಟೇಬಲ್ ದ್ಯಾವಯ್ಯ ಆ ಮಧ್ಯಾಹ್ನವೇ ಒಂದು ಹೆಸರು ತಂದ. ಪಕ್ಕದ ಹೊಲದ ಚಿಕ್ಕಣ್ಣ.

"ಜಗಳ ಆಗಿತ್ತು ಸಾರ್. ಗುರುಮೂರ್ತಿಯವರು ಹಿಂಡಿದ ಸೇಬಿನ ಚರಟ ಬೇಲಿ ಪಕ್ಕ ಸುರಿದಿದ್ರು. ಚಿಕ್ಕಣ್ಣನ ಹಸ ಅದನ್ನ ತಿಂದು, ಅಮಲೇರಿ, ಕಾಲುವೆಗೆ ಬಿದ್ದು ಸತ್ತೋಯ್ತು. ಗಬ್ಬದ ಹಸ. ನಿನ್ನೂ ಹಂಗೇ ಮಾಡ್ತೀನಿ ಅಂದಿದ್ನಂತೆ. ಅವನ ಪಂಪ್‌ಸೆಟ್ ಮನೇಲಿ ಅದೇ ಔಷಧಿ ಡಬ್ಬ ಐತೆ. ಅರ್ಧ ಖಾಲಿ."

ಚಿಕ್ಕಣ್ಣ ಠಾಣೆಯ ಬೆಂಚಿನ ತುದಿಯಲ್ಲಿ ಕೂತ. ಟವೆಲನ್ನು ಹಿಂಡುತ್ತಲೇ ಇದ್ದ.

"ಅಂದಿದ್ ನಿಜ ಸಾರ್. ಹಸ ಸತ್ತಾಗ ಹೊಟ್ಟೆ ಉರೀತು, ಅಂದೆ. ಆಮೇಕೆ ಅವ್ರೇ ಬಂದು ಕೈ ಹಿಡ್ಕಂಡು ತಪ್ಪಾಯ್ತು ಅಂದ್ರು. ಅಲ್ಲಿಗೆ ಮುಗೀತು."

"ಡಬ್ಬ ಅರ್ಧ ಖಾಲಿ ಇದೆ."

"ಆಲೂಗಡ್ಡೆಗೆ ಹೊಡ್ದಿವ್ನಿ. ಪಂಪ್‌ಸೆಟ್ ಮನೆಗೆ ಬೀಗ ಇಲ್ಲ ಸಾರ್, ಯಾರು ಬೇಕಾದ್ರೂ ಹೋಗ್ಬೋದು." ಅವನು ಟವೆಲನ್ನು ಹೆಗಲಿಗೆ ಹಾಕಿಕೊಂಡ. "ಒಂದ್ ಮಾತು ಕೇಳ್ಲಾ ಸಾರ್? ಗುರಣ್ಣನ್ನ ಕೊಲ್ಬೇಕು ಅಂತ ನಾನು ಹೊಂಟಿದ್ರೆ ಬಾಟ್ಲಿಗೆ ಔಷಧಿ ಬೆರೆಸ್ತಿದ್ನಾ? ಆ ಮೂಗಿರೋ ಮನ್ಸ ಬಾಯ್ ಹತ್ರಾನಾದ್ರೂ ತಗೊಂಡೋಯ್ತಾನಾ? ಬ್ಯಾರೆ ದಾರಿ ಹುಡುಕ್ತಿದ್ದೆ."

ದ್ಯಾವಯ್ಯ ಗದರಿದ. ದೇವರಾಜ್ ಗದರಲಿಲ್ಲ. ಆ ಮಾತು ಅವನ ತಲೆಯೊಳಗೆ ಕೂತುಬಿಟ್ಟಿತು. ಗುರುಮೂರ್ತಿಯ ಮೂಗನ್ನು ನಂಬಿದ ಯಾರೂ ಅವರಿಗೆ ಹೀಗೆ ವಿಷ ಹಾಕುವುದಿಲ್ಲ. ಊರೆಲ್ಲ ಆ ಮೂಗನ್ನು ನಂಬಿದೆ. ಹಾಗಾದರೆ ಇದು ಆತ್ಮಹತ್ಯೆಯೇ. ಆದರೆ ಮುಚ್ಚಳಕ್ಕೆ ಎರಡು ಸುತ್ತು ಮಡಿಕೆ ಯಾಕೆ? ತಾನೇ ಕುಡಿಯುವ ವಿಷಕ್ಕೆ ಯಾರಾದರೂ ಮುಚ್ಚಳ ಒತ್ತಿ ಭದ್ರ ಮಾಡುತ್ತಾರೆಯೇ?

* * *

ಶನಿವಾರ ದೇವರಾಜ್, ದ್ಯಾವಯ್ಯ ಮತ್ತೆ ಆ ಕೋಣೆಗೆ ಹೋದರು. ಕಿಟಕಿ ಬಾಗಿಲು ತೆರೆದಿಟ್ಟಿದ್ದರಿಂದ ಔಷಧಿಯ ನಾತ ತಗ್ಗಿತ್ತು. ಅದರ ಕೆಳಗಿನಿಂದ ಇನ್ನೊಂದು ನಾತ ಮೇಲೆದ್ದಿತ್ತು.

"ಏನೋ ಸತ್ತೈತೆ ಸಾರ್," ಎಂದ ದ್ಯಾವಯ್ಯ. ಗೋಣಿಚೀಲಗಳನ್ನು ಎಳೆದ. ಗುರುಮೂರ್ತಿಯ ಕುರ್ಚಿಯ ಬೆನ್ನ ಹಿಂದೆಯೇ, ಗೋಡೆಯ ಮೂಲೆಯಲ್ಲಿ, ಒಂದು ಹೆಗ್ಗಣ. ಊದಿ, ಒಡೆದು, ಹುಳ ಬಿದ್ದಿತ್ತು. ದ್ಯಾವಯ್ಯ ಹೊರಗೋಡಿ ಉಗಿದ.

ದೇವರಾಜ್ ಅಲ್ಲೇ ನಿಂತ. ನಿನ್ನೆ ಮೊನ್ನೆ ಸತ್ತದ್ದಲ್ಲ ಇದು. ಗುರುಮೂರ್ತಿ ಬದುಕಿದ್ದಾಗಲೇ ಕೊಳೆಯಲು ಶುರುವಾಗಿದೆ. ಆ ಮನುಷ್ಯ ಇದರ ಮುಂದೆ ಕುರ್ಚಿ ಹಾಕಿಕೊಂಡು ದಿನವಿಡೀ ಕೂತಿದ್ದ. ಊರಿಗೆಲ್ಲ ಹೆಸರಾದ ಮೂಗು ಇಟ್ಟುಕೊಂಡು.

ಅವನು ಮನೆಯೊಳಗೆ ಹೋಗಿ ವಸಂತಮ್ಮನ ಎದುರು ಕೂತ.

"ಅಮ್ಮ, ನೀವು ಆ ಕೋಣೆಗೆ ಹೋಗ್ತಿದ್ರಾ?"

"ಇಲ್ಲ ಸಾರ್. ಹುಳಿ ವಾಸ್ನೆ ನಂಗಾಗಾಕಿಲ್ಲ. ಅವ್ರು, ಮೇಷ್ಟ್ರು, ಇಬ್ರೇ. ಇನ್ನೊಂದು ಬೀಗದ ಕೈ ಮೇಷ್ಟ್ರ ತಾವೇ ಇತ್ತು. ದಿನಾ ಬರೋರು. ಹೋದ ಭಾನುವಾರದಿಂದ ಯಾಕೋ ಈ ಕಡೆ ತಲೆ ಹಾಕ್ಲಿಲ್ಲ."

"ನಿಮ್ಮ ಯಜಮಾನ್ರ ಹಣೆ ಮೇಲೆ ಒಂದು ಗಾಯದ ಗುರುತಿತ್ತು."

"ಎರಡು ವರ್ಷ ಆಯ್ತು. ಹಗರೆ ತಿರುವಿನಾಗೆ ಸ್ಕೂಟರಿಂದ ಬಿದ್ರು. ತಲೆಗೆ ಏಟಾಗಿತ್ತು. ಹಾಸನದಾಗೆ ತೋರಿಸ್ದೋ."

"ಆಮೇಲೆ ಮನೆಯಲ್ಲಿ ಏನಾದ್ರೂ ವಿಚಿತ್ರ ನಡೀತಾ?"

ವಸಂತಮ್ಮ ಯೋಚಿಸಿದರು. "ಹೋದ ಬೇಸಿಗೆಲಿ ಗ್ಯಾಸ್ ಸೋರ್ತಿತ್ತು. ನಾನು ಅಂಗಡಿಯಿಂದ ಬಂದ್ರೆ ಮನೆಯೆಲ್ಲಾ ಗ್ಯಾಸು. ಇವ್ರು ಒಲೆ ಪಕ್ಕದಾಗೇ ಕೂತು ಪೇಪರ್ ಓದ್ತಾವ್ರೆ. ಬೈದೆ. ನೆಗಡಿ ಕಣೇ ಅಂದ್ರು."

ದೇವರಾಜ್ ಅವರಿಗೆ ಏನನ್ನೂ ಹೇಳಲಿಲ್ಲ. ಠಾಣೆಗೆ ಬಂದು ಹಾಸನದ ಡಾಕ್ಟರಿಗೆ ಫೋನ್ ಮಾಡಿದ.

"ಹೌದು, ನೆನಪಿದೆ," ಎಂದರು ಡಾಕ್ಟರು. "ತಲೆಗೆ ಪೆಟ್ಟು ಬಿದ್ದಾಗ ವಾಸನೆಯ ನರ ಹೋಗಿತ್ತು. ಹಿಂದಕ್ಕೆ ಬರೋದಿಲ್ಲ ಅಂದೆ. ಆಮೇಲೆ, ಮನೆಯವರಿಗೆ ಹೇಳಬೇಡಿ ಅಂದ್ರು. ಅಷ್ಟೇ."

* * *

ಭಾನುವಾರ ದೇವರಾಜ್ ಅರೇಹಳ್ಳಿಗೆ ಹೋದ. ಅಲ್ಲಿನ ಹೊನ್ನೇಗೌಡರು ತಮ್ಮ ಕಾಫಿ ತೋಟದ ಮನೆಯನ್ನು ಹೋಂಸ್ಟೇ ಮಾಡಿದ್ದರು. ಲೈಸೆನ್ಸ್ ಮಾಡಿಸಿ ಗುರುಮೂರ್ತಿಯ ಸೈಡರನ್ನು ಅತಿಥಿಗಳಿಗೆ ಕೊಡಬೇಕೆಂಬ ಆಸೆ ಅವರದು. ಹಿಂದಿನ ಭಾನುವಾರ ಅದಕ್ಕೆಂದೇ ಹಳೇಬೀಡಿಗೆ ಹೋಗಿ ರುಚಿ ನೋಡಿ, ಒಂದೊಂದು ಬಗೆಯ ಒಂದೊಂದು ಬಾಟಲಿ ತಂದಿದ್ದರು.

"ನಾಲ್ಕು ಬಗೆ ಸಾರ್," ಎಂದು ಹೊನ್ನೇಗೌಡರು ಬಾಟಲಿಗಳನ್ನು ಸಾಲಾಗಿ ಇಟ್ಟರು. "ಹೆಸರು ಗುರುಮೂರ್ತಿಯವರೇ ಇಟ್ಟಿದ್ದು. ಇದು ಸೊಸೆ. ಸಕ್ಕರೆ ಪೂರ್ತಿ ಹುದುಗೋಕೆ ಮುಂಚೆ ನಿಲ್ಲಿಸಿದ್ದು, ಅದಕ್ಕೇ ಸಿಹಿ. ಇದು ಅತ್ತೆ. ಸಕ್ಕರೆಯ ಸುಳಿವೇ ಇಲ್ಲ, ಬರೀ ಚುರುಕು. ಇದು ಮೊಮ್ಮಗ. ಬಾಟಲಿಯೊಳಗೇ ಇನ್ನೊಂದು ಸಲ ಹುದುಗಿರ್ತದೆ, ಮುಚ್ಚಳ ತೆಗೆದ್ರೆ ಕುಣೀತದೆ. ಇದು ಮಾವ. ವರ್ಷ ಕಳೆದದ್ದು. ಒಗರು, ಕಹಿ. ಆದ್ರೆ ಎಲ್ಲಕ್ಕಿಂತ ಮೇಲು ಇದೇ."

ಗುರುಮೂರ್ತಿಯ ಮೇಜಿನ ಮೇಲಿದ್ದ ಬಾಟಲಿಯ ಚೀಟಿಯಲ್ಲೂ ಇದೇ ಹೆಸರಿತ್ತು. ಮಾವ.

"ಸ್ವಲ್ಪ ಸ್ವಲ್ಪ ಸುರೀರಿ," ಎಂದ ದೇವರಾಜ್. ಅವನು ಹುಟ್ಟಿದಾಗಿನಿಂದ ಮದ್ಯ ಮುಟ್ಟಿದವನಲ್ಲ. ತಾಯಿ ಲಕ್ಕಮ್ಮ ದಿನವೂ ಬುದ್ಧನ ಪಟದ ಮುಂದೆ ಪಂಚಶೀಲ ಹೇಳುವವಳು. ಮದ್ಯ ಮುಟ್ಟೆನೆಂಬ ಐದನೆಯದನ್ನು ಹೇಳುವಾಗ ಪೊಲೀಸ್ ಮಗನ ಕಡೆಗೊಮ್ಮೆ ನೋಡುವವಳು. ನುಂಗುವುದಿಲ್ಲ, ಉಗಿಯುತ್ತೇನೆ ಎಂದು ಮನಸ್ಸಿನಲ್ಲೇ ಅವಳಿಗೆ ಹೇಳಿಕೊಂಡ.

ಬೆರಳಿನಿಂದ ಮೂಗನ್ನು ಗಟ್ಟಿಯಾಗಿ ಹಿಡಿದು, ಸೊಸೆಯನ್ನು ನಾಲಿಗೆಗೆ ಹಾಕಿಕೊಂಡ. ಸಕ್ಕರೆ ನೀರು. ಉಗಿದ. ಅತ್ತೆ, ನಿಂಬೆಹುಳಿ ಹಿಂಡಿದ ನೀರು. ಮೊಮ್ಮಗ, ಸೋಡಾ. ಮಾವ, ಬರೀ ಕಷಾಯ. ಕಹಿ, ಮತ್ತೇನೂ ಇಲ್ಲ. ಆ ಕಹಿಯೊಳಗೆ ಇನ್ನೊಂದು ಕಹಿ ಸೇರಿದರೂ ನಾಲಿಗೆಗೆ ತಿಳಿಯುವಂತಿರಲಿಲ್ಲ.

ಆಮೇಲೆ ಮೂಗು ಬಿಟ್ಟು ಮತ್ತೆ ರುಚಿ ನೋಡಿದ. ಸೊಸೆಯಲ್ಲಿ ಆಗತಾನೆ ಕುಯ್ದ ಸೇಬಿನ ಘಮ ಎದ್ದಿತು. ಅತ್ತೆಯಲ್ಲಿ ಹಸಿ ಹುಲ್ಲಿನ ಪರಿಮಳ. ಮೊಮ್ಮಗನಲ್ಲಿ ಹೂವಿನದೋ ಬ್ರೆಡ್ಡಿನದೋ ಒಂದು ಹಿತವಾದ ವಾಸನೆ. ಮಾವನನ್ನು ಬಾಯಿಗೆ ಹಾಕಿಕೊಂಡಾಗ ಅವನು ತಡೆದು ನಿಂತ. ಬಿಸಿಲಿನಲ್ಲಿ ಹರವಿದ ನೆಲ್ಲಿಕಾಯಿ, ಹಳೆಯ ಮರದ ಪೆಟ್ಟಿಗೆ, ಮಣ್ಣಿನ ಒಲೆ. ಉಗಿದು ನೀರು ಕುಡಿದರೆ ನೀರು ಸಿಹಿಯಾಗಿತ್ತು. ಇಷ್ಟೆಲ್ಲ ಎರಡು ವರ್ಷದಿಂದ ಗುರುಮೂರ್ತಿಗೆ ಇರಲೇ ಇಲ್ಲ. ಸಕ್ಕರೆ, ಹುಳಿ, ಸೋಡಾ, ಕಷಾಯ. ಅಷ್ಟೇ.

"ಗೌಡ್ರೇ, ಅವತ್ತು ಗುರುಮೂರ್ತಿಯವರೂ ರುಚಿ ನೋಡಿದ್ರಾ?"

"ಅದೇ ತಮಾಷೆ ಆಗಿದ್ದು. ಪರೀಕ್ಷೆ ಮಾಡೋಣ ಅಂತ ನಾನೇ ಎಂಟು ಸ್ಟೀಲ್ ಲೋಟಕ್ಕೆ ಸುರಿದೆ. ಬೇರೆ ಬೇರೆ ಪ್ರಾಯದ್ದು, ಮಿಶ್ರ ಮಾಡಿದ್ದೂ ಇತ್ತು. ಒಂದೂ ತಪ್ಪಲಿಲ್ಲ ಸಾರ್. ಇದರಲ್ಲಿ ಸೇಬಿನ ತೊಟ್ಟಿನ ವಾಸನೆ ಇದೆ, ಇದು ಹೋದ ವರ್ಷದ್ದು, ಎಲ್ಲಾ ಸರಿಯಾಗಿ ಹೇಳಿದ್ರು."

"ಪಕ್ಕದಲ್ಲಿ ಯಾರಿದ್ರು?"

"ಎದುರಿಗೆ ಗಂಗಾಧರಯ್ಯ ಮೇಷ್ಟ್ರು."

"ಅವರೂ ಕುಡಿದ್ರಾ?"

"ಅವರೇ ಮೊದಲು. ಒಂದು ಗುಟುಕು ಕುಡಿದು, ಹಾಂ, ತೊಟ್ಟು, ಅಂತ ಏನೋ ಗೊಣಗೋರು. ಬೆರಳಲ್ಲಿ ಮೇಜು ತಟ್ಟೋರು. ಅಭ್ಯಾಸ ಇರಬೇಕು ಅಂದ್ಕೊಂಡೆ. ಆಮೇಲೆ ಗುರುಮೂರ್ತಿ ಹೇಳೋರು." ಹೊನ್ನೇಗೌಡರು ಮಾವನ ಬಾಟಲಿಯನ್ನು ಮುಟ್ಟಿದರು. "ಮಾವನ ಲೋಟ ಬಂದಾಗ ಮಾತ್ರ ಮೇಷ್ಟ್ರು ತಟ್ಟಲಿಲ್ಲ. ಕಣ್ಣಲ್ಲಿ ನೀರು ತುಂಬಿತ್ತು. ನಾನು ಅವರನ್ನೇ ಕೇಳಿದೆ, ನಿಮಗೇನನ್ಸುತ್ತೆ ಮೇಷ್ಟ್ರೇ ಅಂತ. ಗುರುಮೂರ್ತಿ ನಕ್ಕು, ಅವ್ರನ್ನೇನು ಕೇಳ್ತೀರಿ, ಸೀಮೆಸುಣ್ಣ ತಿಂದ ನಾಲಿಗೆ ಅದು ಅಂದ್ರು. ನಾವೆಲ್ಲ ನಕ್ಕುಬಿಟ್ವಿ."

"ಆಮೇಲೆ?"

"ಮಾವ ಎಷ್ಟಿದ್ರೂ ನನಗೇ ಬೇಕು ಅಂದೆ. ಎಲ್ಲಾ ತಗೊಂಡೋಗಿ ಅಂದ್ರು ಗುರುಮೂರ್ತಿ. ಹಿಮಾಚಲದ ಮುದುಕನೊಬ್ಬ ಕಲಿಸಿದ ರಹಸ್ಯ ಅದು ಅಂದ್ರು. ಮೇಷ್ಟ್ರು ಎದ್ದು ಹೊರಗೆ ಹೋದ್ರು."

ಜೀಪು ಅರೇಹಳ್ಳಿಯ ಇಳಿಜಾರು ಇಳಿಯುವಾಗ ದ್ಯಾವಯ್ಯ ಏನೋ ಕೇಳಿದ. ದೇವರಾಜನಿಗೆ ಕೇಳಿಸಲಿಲ್ಲ. ದಾರಿಯುದ್ದಕ್ಕೂ ಅವನು ಬೇರೊಂದು ಉತ್ತರ ಹುಡುಕಿದ. ಸಿಗಲಿಲ್ಲ.

* * *

ಗಂಗಾಧರಯ್ಯ ಮೇಷ್ಟ್ರ ಮನೆಯ ಬಾಗಿಲು ತೆರೆದೇ ಇತ್ತು. ಬಿಸಿಲು ಇನ್ನೂ ಜಗುಲಿಯ ಮೇಲಿತ್ತು. ದ್ಯಾವಯ್ಯನನ್ನು ರಸ್ತೆಯಲ್ಲೇ ನಿಲ್ಲಿಸಿ ದೇವರಾಜ್ ಒಬ್ಬನೇ ಒಳಗೆ ಹೋದ. ಗೋಡೆಯ ಮೇಲೆ ಮಹದೇವಮ್ಮನವರ ಪಟ. ಮೇಷ್ಟ್ರ ಹೆಂಡತಿ. ಹೋಗಿ ಎರಡು ವರ್ಷದ ಮೇಲಾಗಿತ್ತು. ಪಟದ ಕೆಳಗೆ ಒಂದು ಖಾಲಿ ಭರಣಿ.

"ಕೂತ್ಕೋ," ಎಂದರು ಮೇಷ್ಟ್ರು.

ಅವನು ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡು ಕೂತ.

"ಒಂದು ವಿಷಯ ಯೋಚಿಸಿದೀನಿ ಮೇಷ್ಟ್ರೇ. ಎಲ್ಲಾದ್ರೂ ತಪ್ಪಿದ್ರೆ ಹೇಳಿ."

"ಹೇಳು."

"ಗುರುಮೂರ್ತಿಯವರಿಗೆ ಎರಡು ವರ್ಷದಿಂದ ವಾಸನೆ ತಿಳೀತಿರಲಿಲ್ಲ. ಹೆಗ್ಗಣ ಕೊಳೆತದ್ದು ಗೊತ್ತಾಗಿರಲಿಲ್ಲ. ಗ್ಯಾಸ್ ಸೋರಿದ್ದು ಗೊತ್ತಾಗಿರಲಿಲ್ಲ. ಹಾಸನದ ಡಾಕ್ಟರು ಒಪ್ಪಿಕೊಂಡಿದಾರೆ."

ಮೇ‌ಷ್ಟ್ರು ಜುಬ್ಬದ ತೋಳು ಸರಿಪಡಿಸಿಕೊಂಡರು.

"ಹಾಗಾಗಿ ಅವರು ತಿಳಿದು ಕುಡಿಯಲಿಲ್ಲ. ಯಾರೋ ಕುಡಿಸಿದಾರೆ. ಮೂಗು ಚೆನ್ನಾಗಿದೆ ಅಂತ ನಂಬಿದವರು ಯಾರೂ ಹೀಗೆ ಕುಡಿಸೋ ಧೈರ್ಯ ಮಾಡೋದಿಲ್ಲ. ಮೂಗು ಸತ್ತಿದೆ ಅಂತ ಗೊತ್ತಿದ್ದವರೇ ಮಾಡಬೇಕು."

"ಮುಂದೆ."

"ಹೆಂಡತಿಗೇ ಗೊತ್ತಿರಲಿಲ್ಲ. ಆದ್ರೂ ಎಂಟು ಲೋಟ ಸರಿಯಾಗಿ ಹೇಳಿದ್ರು. ಅಂದ್ರೆ ಅವರ ಪರವಾಗಿ ಯಾರೋ ಮೂಸ್ತಿದ್ರು. ಮೊದಲು ಕುಡಿದು, ಮೇಜು ತಟ್ಟಿ, ಗೊಣಗಿ ತಿಳಿಸ್ತಿದ್ರು. ಕೋಣೆಯ ಇನ್ನೊಂದು ಬೀಗದ ಕೈ ಅವರ ಹತ್ತಿರವೇ ಇತ್ತು. ಮುಚ್ಚಳ ಒತ್ತೋದು ಅವರಿಗೆ ಗೊತ್ತಿತ್ತು. ಕಹಿ ಮುಚ್ಚೋದಕ್ಕೆ ಮಾವನೇ ಬೇಕು ಅನ್ನೋದೂ ಗೊತ್ತಿತ್ತು. ದಿನಾ ಬರ್ತಿದ್ದವರು ಹೋದ ಭಾನುವಾರದ ಮೇಲೆ ಬರಲಿಲ್ಲ, ಅದಕ್ಕೇ ಹೆಗ್ಗಣ ಸತ್ತಿರೋದನ್ನ ಗುರುಮೂರ್ತಿಗೆ ಹೇಳೋರು ಯಾರೂ ಇರಲಿಲ್ಲ." ಅವನು ಟೋಪಿಯನ್ನು ಗಟ್ಟಿಯಾಗಿ ಹಿಡಿದ. "ತಿಳಿದೇ ಕುಡಿದಿದಾನೆ ಅಂತ ನನಗೆ ಮೊದಲು ಹೇಳಿದವರು ನೀವು. ತಿಳಿಯೋಕೆ ಸಾಧ್ಯವಿಲ್ಲ ಅಂತ ಗೊತ್ತಿದ್ದದ್ದೂ ನಿಮಗೊಬ್ಬರಿಗೇ."

"ಸಾಕ್ಷಿ ಬೇಕಲ್ಲ."

"ಬಾಟಲಿ, ಮುಚ್ಚಳ, ಔಷಧಿ ಡಬ್ಬ, ಮೂರೂ ಬೆರಳಚ್ಚಿನವರ ಹತ್ತಿರ ಇವೆ. ಬರೋದು ಬರಲಿ. ಅಷ್ಟರಲ್ಲಿ ಊರವರು ಚಿಕ್ಕಣ್ಣನ ಹೆಸರು ಹೇಳೋಕೆ ಶುರು ಮಾಡಿದಾರೆ."

"ಅವನು ಬೇಡ," ಎಂದರು ಮೇಷ್ಟ್ರು ತಕ್ಷಣ. "ಪಾಪದವನು. ಅವನ ಪಂಪ್‌ಸೆಟ್ ಮನೆಯಿಂದ ತಂದವನು ನಾನು."

ಹೊರಗೆ ಯಾರದೋ ಎತ್ತಿನ ಗಾಡಿ ಹೋಯಿತು.

"ಮಹದೇವಿ ಪ್ರತಿ ವರ್ಷ ನೆಲ್ಲಿಕಾಯಿ ಒಣಗಿಸಿಡ್ತಿದ್ಳು," ಎಂದರು ಮೇಷ್ಟ್ರು. "ಅವಳು ಹೋದಾಗ ಒಂದು ಭರಣಿ ಉಳಿದಿತ್ತು. ತೆಗೆಯೋಕೆ ಮನಸ್ಸಾಗ್ಲಿಲ್ಲ. ಹುಳ ಬೀಳೋಕೆ ಶುರುವಾದಾಗ, ಹೀಗಾದ್ರೂ ಉಳೀಲಿ ಅಂತ ಗುರುವಿನ ಒಂದು ಜಾಡಿಗೆ ಹಾಕಿದೆ. ಅದೇ ಮಾವ. ಇನ್ನೊಮ್ಮೆ ಮಾಡೋಕಾಗೋದಿಲ್ಲ, ಅವಳ ಕೈ ಇಲ್ಲ. ಹೋದ ಭಾನುವಾರ ಗೌಡ್ರು ಹೊರಟ ಮೇಲೆ ಗುರುವನ್ನ ಕೇಳ್ದೆ, ಎರಡೇ ಎರಡು ಬಾಟಲಿ ನನಗಿಡು ಅಂತ. ಅದರಾಗೇನೈತೆ ಮೇಷ್ಟ್ರೇ, ಕಹಿ ನೀರು ಅಂದ. ಸತ್ತೋರ ಕೈರುಚಿ ಬಾಟ್ಲಿಯಾಗೆ ಉಳೀತದಾ ಅಂದ. ನಗ್ತಾ ಅಂದ."

"ಅವರಿಗೆ ಅದು ನಿಜವಾಗಲೂ ಕಹಿ ನೀರೇ ಆಗಿತ್ತು."

"ಅದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?" ಮೇಷ್ಟ್ರು ಕೈಗಳನ್ನು ನೋಡಿಕೊಂಡರು. "ಎರಡು ವರ್ಷ ಅವನಿಗೆ ಮೂಗಾಗಿದ್ದೆ. ಪ್ರತಿ ಸಂಜೆ ಲೋಟ ಹಿಡಿದು, ಇವತ್ತು ಹೆಂಗೈತೆ ಹೇಳಿ ಮೇಷ್ಟ್ರೇ ಅನ್ನೋನು. ಕಣ್ಣು ಮುಚ್ಕೊಂಡು ಕೇಳೋನು. ಮೊದಮೊದಲು ಅಳೋನು. ಆಮೇಲೆ ಅಭ್ಯಾಸ ಆಯ್ತು. ಆಮೇಲೆ ಅದೆಲ್ಲ ತನ್ನದೇ ಅಂದ್ಕೊಂಡ."

"ಗುರುವಾರ?"

"ಮಧ್ಯಾಹ್ನ ಅವನು ಅರಸೀಕೆರೆಗೆ ಹೋಗಿದ್ದಾಗ ಕೋಣೆಗೆ ಹೋಗಿ ಒಂದು ಬಾಟಲಿ ತೆಗೆದು ಬೆರೆಸ್ದೆ. ಹೆಗ್ಗಣದ ವಾಸನೆ ಬಡೀತಿತ್ತು. ನಾನು ಬರದೇ ಇದ್ದಷ್ಟು ದಿನವೂ ಅದರೊಳಗೇ ಕೂತಿದಾನಲ್ಲ ಅನ್ನಿಸಿ ಕರುಳು ಚುರ್ ಅಂತು. ಆದ್ರೂ ಮುಚ್ಚಳ ಒತ್ತಿದೆ. ಸಂಜೆ ಬಾಟಲಿ ಹಿಡ್ಕೊಂಡು ಹೋದೆ. ಬನ್ನಿ ಮೇಷ್ಟ್ರೇ, ಎಷ್ಟ್ ದಿನ ಆಯ್ತು ಅಂದ. ಕಡಲೆಕಾಯಿ ಬಿಡಿಸಿ ನನಗೆ ಅಂತ ಬೀಜ ಬೇರೆ ಇಡ್ತಾ ಕೂತ. ಲೋಟಕ್ಕೆ ಸುರ್ಕೊಂಡ. ಹೇಳಿ, ಹೆಂಗೈತೆ ಅಂದ."

ದೇವರಾಜ್ ಕೇಳಬಾರದಿತ್ತು. ಕೇಳಿದ.

"ಏನು ಹೇಳಿದ್ರಿ?"

ಮೇಷ್ಟ್ರು ಗೋಡೆಯ ಮೇಲಿನ ಪಟದ ಕಡೆ ನೋಡಿದರು.

"ಬಿಸಿಲಲ್ಲಿ ಹರವಿದ ನೆಲ್ಲಿ ಅಂದೆ. ಮಹದೇವಿ ಸೆರಗಿಗೆ ಕೈ ಒರೆಸ್ಕೊಂಡಾಗ ಬರೋ ವಾಸನೆ ಅಂದೆ. ಅವನು ಕಣ್ಣು ಮುಚ್ಕೊಂಡು ಕುಡಿದ. ಪೂರ್ತಿ ಕುಡಿದ. ಲೋಟ ಕೆಳಗಿಟ್ಟು, ಅವತ್ತು ನಾನಂದಿದ್ದು ತಪ್ಪಾಯ್ತು ಮೇಷ್ಟ್ರೇ, ಮನಸಿಗೆ ಹಚ್ಕೋಬೇಡಿ, ಎರಡಲ್ಲ, ಆರು ಬಾಟ್ಲಿ ನಿಮಗೆ ಅಂತ ಬ್ಯಾರೆ ಮಡಗಿವ್ನಿ ಅಂದ. ಆಗಲೇ ಅದೇ ಲೋಟಕ್ಕೆ ಮತ್ತೆ ಸುರ್ಕೊಳ್ತಿದ್ದ."

"ಕಿತ್ತುಕೊಳ್ಳಬಹುದಿತ್ತು."

"ಕಿತ್ಕೊಳ್ಳಬಹುದಿತ್ತು. ಓಡಿ ಹೋಗಿ ಯಾರನ್ನಾದರೂ ಕರೀಬಹುದಿತ್ತು. ಎದ್ದು ಬಂದೆ. ಮನೆಗೆ ಬಂದು ಬಾಗಿಲು ಹಾಕ್ಕೊಂಡೆ. ಅವನು ಕೂಗಿದ್ನೋ ಇಲ್ವೋ ಗೊತ್ತಿಲ್ಲ ದೇವರಾಜ. ಎರಡೂ ಕಿವಿ ಮುಚ್ಕೊಂಡಿದ್ದೆ."

ಅವರು ತಾವಾಗಿಯೇ ಎದ್ದು ಚಪ್ಪಲಿ ಮೆಟ್ಟಿಕೊಂಡರು. ಮನೆಗೆ ಬೀಗ ಹಾಕಿ, ಬೀಗದ ಕೈಯನ್ನು ಏನು ಮಾಡಬೇಕೆಂದು ತಿಳಿಯದೆ ನಿಂತರು. ದೇವರಾಜ್ ಕೈ ಚಾಚಿ ಈಸಿಕೊಂಡ. ಕೋಳ ಹಾಕಬೇಕೇ ಎಂದು ದ್ಯಾವಯ್ಯ ಕಣ್ಣಲ್ಲೇ ಕೇಳಿದ. ದೇವರಾಜ್ ಬೇಡವೆಂದು ತಲೆಯಾಡಿಸಿ, ಮೇಷ್ಟ್ರ ತೋಳು ಹಿಡಿದು ಜೀಪಿಗೆ ಹತ್ತಿಸಿದ. ತೋಳು ಹಗುರಾಗಿತ್ತು. ಠಾಣೆಯವರೆಗೆ ಅವನು ಅವರ ಮುಖ ನೋಡಲಿಲ್ಲ.

* * *

ಹೇಳಿಕೆ ಬರೆದು ಮುಗಿದ ಮೇಲೆ ದೇವರಾಜ್ ವಸಂತಮ್ಮನ ಮನೆಗೆ ನಡೆದೇ ಹೋದ. ಅವರು ಅಡುಗೆಮನೆಯ ಹೊಸ್ತಿಲ ಬಳಿ ಕೂತಿದ್ದರು. ತಂಗಿ ಹಗರೆಯಿಂದ ಬಂದು ಜತೆಗಿದ್ದಳು. ಅವನು ಒಂದೂ ಬಿಡದೆ ಎಲ್ಲವನ್ನೂ ಹೇಳಿದ. ಮೇಷ್ಟ್ರ ಹೆಸರು ಬಂದಾಗ ತಂಗಿ ಬಾಯಿ ಮುಚ್ಚಿಕೊಂಡು ಅತ್ತಳು. ವಸಂತಮ್ಮ ಅಲುಗಾಡಲಿಲ್ಲ.

"ಹಂಗಾದ್ರೆ ನನ್ನ ಬಿಟ್ಟೋಗಬೇಕು ಅಂತ ಹೋಗ್ಲಿಲ್ಲ," ಎಂದರು ಕೊನೆಗೆ.

"ಇಲ್ಲಮ್ಮ. ಹಾಗಲ್ಲ."

"ಅವ್ರಿಗೆ ವಾಸ್ನೆ ಬತ್ತಿರ್ಲಿಲ್ವಾ?"

"ಎರಡು ವರ್ಷದಿಂದ ಇರಲಿಲ್ಲ. ನಿಮಗೆ ಗೊತ್ತಾಗಬಾರದು ಅಂತ ಡಾಕ್ಟರ ಹತ್ತಿರ ಮಾತು ತಗೊಂಡಿದ್ರು."

ವಸಂತಮ್ಮ ಹಿಂದಕ್ಕೆ ತಿರುಗಿ ಒಲೆಯ ಕಡೆ ನೋಡಿದರು. ಸಾವಿನ ಮನೆ. ಒಲೆ ತಣ್ಣಗಿತ್ತು.

"ದಿನಾ ಉಣ್ಣಾಕೆ ಬರುವಾಗ ಈ ಬಾಗ್ಲಾಗೆ ನಿಂತ್ಕೊಳ್ಳೋರು ಸಾರ್," ಎಂದರು. "ಉಸಿರು ಎಳ್ಕೊಂಡು, ವಸಂತಾ, ಸಾರು ಘಮ್ ಅಂತೈತೆ ಅನ್ನೋರು. ಒಂದಿನಾನೂ ತಪ್ಪಿಸ್ತಿರ್ಲಿಲ್ಲ. ನಾನು ಹಗರೆಗೆ ಹೊಂಟ ದಿನ ಬೆಳಗ್ಗೇನೂ ಅಂದ್ರು."

ದೇವರಾಜ್ ತಲೆ ತಗ್ಗಿಸಿದ.

"ಹೋದ ತಿಂಗಳು ಒಂದಿನ ಸಾರು ತಳ ಹಿಡ್ದು ಸೀದೋಗಿತ್ತು. ಮನೆಯೆಲ್ಲಾ ಹೊಗೆ. ಅವತ್ತೂ ಹಂಗೇ ನಿಂತ್ಕೊಂಡು, ಹಂಗೇ ಅಂದ್ರು." ಅವರು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು. "ನನ್ನ ಸಮಾಧಾನಕ್ಕೆ ಅಂತಾವ್ರೆ ಅಂದ್ಕೊಂಡು ನಕ್ಕಿದ್ದೆ."